ಹಳೆಯ ಲಕ್ಷಂ ವೀಡುಗಳಲ್ಲಿ ಹಿರಿಯರ ಬಾಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೇರಳದ ಲಕ್ಷಂ ವೀಡು (ಮಲಯಾಳದಲ್ಲಿ ‘ಲಕ್ಷ ಮನೆ’) ಮುಂತಾದ ಸರಕಾರಿ ಯೋಜನೆಗಳಲ್ಲಿ ಕಟ್ಟಿದ ಹಳೆಯ ಮನೆಗಳನ್ನು ಹಿರಿಯರಿಗೂ ಅಂಗವಿಕಲರಿಗೂ ಅನುಕೂಲವಾಗುವಂತೆ ಹೇಗೆ ಸರಿಪಡಿಸಬಹುದು ಎಂದು ಕೇಳಿ ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಕಡೆಗಳಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ 1970ರ ದಶಕದ ಲಕ್ಷಂ ವೀಡು ಕಾಲನಿಯಿದೆ. ಎರಡೆರಡು ಮನೆಗಳಿಗೆ ಒಂದೇ ನಡುಗೋಡೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಅರ್ಧದಷ್ಟು ಮನೆಗಳಲ್ಲಿ ಈಗ ವಯಸ್ಸಾದವರು ಮಾತ್ರ ಇದ್ದಾರೆ, ಮಕ್ಕಳು ಗಲ್ಫಿನಲ್ಲೋ ಮಂಗಳೂರಿನಲ್ಲೋ ನೆಲೆಸಿದ್ದಾರೆ. ಎಲ್ಲವನ್ನೂ ಕೆಡವಿ ನಾಲ್ಕು ಮಾಳಿಗೆಯ ಫ್ಲ್ಯಾಟ್ ಕಟ್ಟಿಸೋಣ ಎಂದು ಕೆಲವರು, ಕ್ಯಾಮೆರಾ, ಸೋಲಾರ್ ದೀಪ, ಇಂಟರ್‌ನೆಟ್ ಹಾಕಿಸಿ ‘ಸ್ಮಾರ್ಟ್ ಕಾಲನಿ’ ಮಾಡೋಣ ಎಂದು ಯುವಕರ ಕ್ಲಬ್ಬಿನವರು ಹೇಳುತ್ತಿದ್ದಾರೆ. ನನಗೆ 68 ವರ್ಷ. ಯಾವುದು ಮೊದಲು ಆಗಬೇಕು? (ಓದುಗರೊಬ್ಬರು, ಕುಂಬಳೆ)

ಉತ್ತರ: ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಬಚ್ಚಲು ಮತ್ತು ಕಕ್ಕಸು, ಅನಂತರ ಮನೆಯಿಂದ ರಸ್ತೆಗೆ ಹೋಗುವ ದಾರಿ, ಆಮೇಲೆ ಜಗಲಿ ಸರಿಯಾಗಲಿ. ಕ್ಯಾಮೆರಾದ ಮಾತು ಇವೆಲ್ಲ ಆದ ಮೇಲೆ, ಬೇಕೆನಿಸಿದರೆ. ಕೆಡವುವ ವಿಚಾರವನ್ನು, ಎಂಜಿನಿಯರರು ಬಂದು ಗೋಡೆ ಮತ್ತು ಪಾಯವನ್ನು ಪರೀಕ್ಷಿಸಿ, ಇದು ಇನ್ನು ನಿಲ್ಲದು ಎಂದು ಬರೆದುಕೊಟ್ಟ ಮನೆಗಳಿಗೆ ಮಾತ್ರ ಸೀಮಿತವಾಗಿಡಿ.

ಲಕ್ಷಂ ವೀಡು ಯೋಜನೆ 1972ರಲ್ಲಿ, ಸಿ. ಅಚ್ಯುತ ಮೇನೋನ್ ಮುಖ್ಯಮಂತ್ರಿಯಾಗಿದ್ದಾಗ, ವಸತಿ ಸಚಿವ ಎಂ.ಎನ್. ಗೋವಿಂದನ್ ನಾಯರ್ ಅವರ ಮುತುವರ್ಜಿಯಿಂದ ಆರಂಭವಾಯಿತು. ಪಂಚಾಯತಿಗೆ ಸುಮಾರು 100 ಮನೆಗಳಂತೆ ಇಡೀ ರಾಜ್ಯದಲ್ಲಿ ಒಂದು ಲಕ್ಷ ಮನೆ ಎಂಬ ಲೆಕ್ಕ ಅದರದು. ಆಗ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಗೆ ಸೇರಿತ್ತು, ನಮ್ಮ ಜಿಲ್ಲೆ ಹುಟ್ಟಿದ್ದು 1984ರಲ್ಲಿ. ಒಂದೇ ಗೋಡೆಗೆ ಎರಡು ಮನೆಗಳನ್ನು ಆನಿಸಿ ಕಟ್ಟಿದ್ದರಿಂದ ಕಲ್ಲು, ಕೂಲಿ, ಜಾಗ ಮೂರೂ ಉಳಿದವು, ಸೂರಿಲ್ಲದ ಕೂಲಿಕಾರರ ಕುಟುಂಬಗಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಮನೆ ಸಿಕ್ಕಿತು. ಅದು ಸಣ್ಣ ಕೆಲಸವಲ್ಲ. ಆದರೆ ಆ ನಕ್ಷೆ ಬರೆದವರ ಕಣ್ಣ ಮುಂದೆ ಇದ್ದದ್ದು ದುಡಿಯುವ ಗಂಡ ಹೆಂಡತಿ ಮತ್ತು ಸಣ್ಣ ಮಕ್ಕಳು. ಅದೇ ದಂಪತಿ ಐವತ್ತು ವರ್ಷಗಳ ಮೇಲೆ ಮೊಣಕಾಲು ನೋವಿನೊಂದಿಗೆ, ಮಕ್ಕಳಿಲ್ಲದ ಮನೆಯಲ್ಲಿ, ರಾತ್ರಿ ಮಳೆಯಲ್ಲಿ ಹಿತ್ತಿಲ ಕಕ್ಕಸಿಗೆ ಹೋಗಬೇಕಾದೀತು ಎಂಬುದು ಯಾರ ಲೆಕ್ಕದಲ್ಲೂ ಇರಲಿಲ್ಲ. 2011ರ ಜನಗಣತಿಯಲ್ಲಿ ದೇಶದ ಜನರಲ್ಲಿ 60 ದಾಟಿದವರು ನೂರಕ್ಕೆ 8.6 ಇದ್ದರೆ ಕೇರಳದಲ್ಲಿ 12.6 ಇದ್ದರು, ರಾಜ್ಯಗಳ ಪೈಕಿ ಅದೇ ಅತಿ ಹೆಚ್ಚು.

ಅವಳಿ ಮನೆಗಳ ದುರಸ್ತಿಯಲ್ಲಿ ಎಲ್ಲರೂ ಎಡವುವುದು ಆ ನಡುಗೋಡೆಯಲ್ಲಿ. ಕೇರಳ ಸರಕಾರದ ಲೈಫ್ ಮಿಷನ್ ವಸತಿ ಯೋಜನೆಯಲ್ಲಿ ಒಂದು ಮನೆಗೆ ಸಾಮಾನ್ಯವಾಗಿ 4 ಲಕ್ಷ ರೂಪಾಯಿ ಸಿಗುತ್ತದೆ. ಅದು ಒಂದು ಮನೆಯವರಿಗೆ ಮಂಜೂರಾಗಿ ಪಕ್ಕದವರಿಗೆ ಆಗದಿದ್ದರೆ, ಮಂಜೂರಾದವರು ತಮ್ಮ ಅರ್ಧವನ್ನು ಕೆಡವುತ್ತಾರೆ. ಆಗ ಒಳಗೋಡೆಯಾಗಿದ್ದದ್ದು ಏಕಾಏಕಿ ಹೊರಗೋಡೆಯಾಗಿ, ಸಾರಣೆಯಿಲ್ಲದ ಮುರಕಲ್ಲು ಮಳೆಗೆ ಮೈಯೊಡ್ಡಿ ನಿಲ್ಲುತ್ತದೆ, ಆ ಕಡೆಯ ಮಾಡಿನ ತೊಲೆಗೆ ಸಿಗುತ್ತಿದ್ದ ಆಸರೆ ತಪ್ಪುತ್ತದೆ. ಇಂಥ ಒಂದು ಮನೆಯಲ್ಲಿ ಉಳಿದ ಅರ್ಧದ ವೃದ್ಧೆಯೊಬ್ಬರು ಎರಡು ಮಳೆಗಾಲ ಗೋಡೆಗೆ ಟಾರ್ಪಾಲು ಕಟ್ಟಿಕೊಂಡು ಕಳೆದದ್ದನ್ನು ನಾನೇ ಕಂಡಿದ್ದೇನೆ. ಅವರ ಅರ್ಜಿಯಲ್ಲಿ ಯಾವ ತಪ್ಪೂ ಇರಲಿಲ್ಲ, ಪಟ್ಟಿಯಲ್ಲಿ ಅವರ ಸರದಿ ಬಂದಿರಲಿಲ್ಲ, ಅಷ್ಟೆ. ಆದ್ದರಿಂದ ಅವಳಿ ಮನೆಗಳನ್ನು ಜೋಡಿಯಾಗಿಯೇ ಪರಿಗಣಿಸಬೇಕು, ಒಂದರ ಅರ್ಜಿ ಮಂಜೂರಾದರೆ ಇನ್ನೊಂದರ ನಡುಗೋಡೆಯ ಸಾರಣೆಗೂ ಮಾಡಿನ ಆಸರೆಗೂ ಅದೇ ಅಂದಾಜುಪಟ್ಟಿಯಲ್ಲಿ ಹಣವಿಡಬೇಕು ಎಂದು ಗ್ರಾಮಸಭೆಯಲ್ಲಿ ಪಟ್ಟು ಹಿಡಿಯಿರಿ. ಲಕ್ಷಂ ವೀಡುಗಳ ಪುನರ್‌ನಿರ್ಮಾಣಕ್ಕೆಂದೇ ಎಂ.ಎನ್. ಅವರ ಹೆಸರಿನಲ್ಲಿ ರಾಜ್ಯ ಸರಕಾರದ ಪ್ರತ್ಯೇಕ ಯೋಜನೆಯೂ ಇದೆ. ಅದರಲ್ಲಿ ಈಗ ಹಣ ದೊರೆಯುವುದೇ ಎಂದು ಪಂಚಾಯತಿನಲ್ಲಿ ವಿಚಾರಿಸಿ.

ಫ್ಲ್ಯಾಟಿನ ಮಾತಿಗೆ ಬರೋಣ. ನಾಲ್ಕು ಮಾಳಿಗೆ ಎಂದರೆ ಲಿಫ್ಟ್ ಬೇಕು, ಲಿಫ್ಟ್ ಎಂದರೆ ತಿಂಗಳ ನಿರ್ವಹಣೆಯ ಖರ್ಚು ಮತ್ತು ಕರೆಂಟ್ ಹೋದಾಗ ಜನರೇಟರ್ ಬೇಕು. ಅದನ್ನು ಪಿಂಚಣಿಯಲ್ಲಿ ಬದುಕುವವರಿಂದ ವಸೂಲಿ ಮಾಡುವುದು ಹೇಗೆ ಎಂಬುದನ್ನು ಮೊದಲೇ ಕೇಳಬೇಕು. ಸಿಂಗಾಪುರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಸರಕಾರಿ ವಸತಿ ಮಂಡಳಿ ಕಟ್ಟಿದ ಮನೆಗಳಲ್ಲಿದ್ದಾರೆ. ಅಲ್ಲಿಯ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಕೆಲವೇ ಮಾಳಿಗೆಗಳಲ್ಲಿ ನಿಲ್ಲುತ್ತಿದ್ದು, ಉಳಿದ ಮಾಳಿಗೆಗಳ ಹಿರಿಯರು ಮೆಟ್ಟಿಲು ಹತ್ತಿ ಇಳಿಯಬೇಕಿತ್ತು. ಪ್ರತಿ ಮಾಳಿಗೆಯಲ್ಲೂ ಲಿಫ್ಟ್ ನಿಲ್ಲುವಂತೆ ಮಾಡುವ ಕಾರ್ಯಕ್ರಮವನ್ನು 2001ರಲ್ಲಿ ಆರಂಭಿಸಬೇಕಾಯಿತು. 2012ರಲ್ಲಿ ಅದೇ ಮಂಡಳಿ ಹಿರಿಯರ ಮನೆಗಳ ಬಚ್ಚಲಿಗೆ ಜಾರದ ನೆಲ, ಹಿಡಿಗಂಬಿ, ಸಣ್ಣ ಇಳಿಜಾರುಗಳನ್ನು ಒದಗಿಸುವ ಯೋಜನೆ ತಂದಿತು. ಅದರ ಖರ್ಚಿನಲ್ಲಿ ನೂರಕ್ಕೆ 95ರವರೆಗೂ ಸರಕಾರ ಭರಿಸುತ್ತದೆ. ತಂತ್ರಜ್ಞಾನಕ್ಕೆ ಹೆಸರಾದ ಆ ನಗರವೂ ಬಚ್ಚಲಿನ ಹಿಡಿಗಂಬಿಯನ್ನು ಕಡೆಗಣಿಸಲಿಲ್ಲ ಎಂಬುದನ್ನು ತಮ್ಮ ಕ್ಲಬ್ಬಿನ ಯುವಕರಿಗೆ ದಯವಿಟ್ಟು ತಿಳಿಸಿ. ಬಿದ್ದು ಆಗುವ ಪೆಟ್ಟಿನಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅವರಲ್ಲಿ ಹಿರಿಯರೇ ಹೆಚ್ಚು.

ಜಗಲಿಯನ್ನು ನಾನು ಏಕೆ ಅಷ್ಟು ಮುಂದೆ ಇಟ್ಟೆ ಎಂದು ತಾವು ಕೇಳಬಹುದು. ಫ್ರಾನ್ಸಿನ ಬೋರ್ದೋ ನಗರದಲ್ಲಿ 1960ರ ದಶಕದ ಮೂರು ಸರಕಾರಿ ವಸತಿ ಕಟ್ಟಡಗಳಲ್ಲಿದ್ದ 530 ಮನೆಗಳನ್ನು ವಾಸ್ತುಶಿಲ್ಪಿಗಳಾದ ಆನ್ ಲಕತೋನ್, ಜಾನ್ ಫಿಲಿಪ್ ವಸ್ಸಾಲ್ ಮತ್ತು ಅವರ ಜೊತೆಗಾರರು ಕೆಡವದೆಯೇ ನವೀಕರಿಸಿದರು. ಅವರು ಮಾಡಿದ ಮುಖ್ಯ ಕೆಲಸವೆಂದರೆ, ಪ್ರತಿ ಮನೆಯ ಹೊರಗೋಡೆಗೆ ತಾಗಿ ಸುಮಾರು 3.8 ಮೀಟರ್ ಆಳದ ಗಾಜಿನ ಮುಚ್ಚುಜಗಲಿಯನ್ನು ಹೊರಗಿನಿಂದ ಸೇರಿಸಿದ್ದು. ಕೆಲಸ ನಡೆಯುವಾಗ ನಿವಾಸಿಗಳು ತಮ್ಮ ಮನೆಗಳಲ್ಲೇ ಇದ್ದರು, ಯಾರನ್ನೂ ಊರು ಬಿಡಿಸಲಿಲ್ಲ. 2019ರಲ್ಲಿ ಅದಕ್ಕೆ ಯುರೋಪಿನ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿ ಬಂತು, 2021ರಲ್ಲಿ ಆ ಇಬ್ಬರಿಗೂ ಪ್ರಿಟ್ಸ್‌ಕರ್ ಪ್ರಶಸ್ತಿ ದೊರೆಯಿತು. ಅವರದು ಚಳಿಯ ದೇಶ, ನಮ್ಮದು ಮಳೆಯ ದೇಶ. ಅವರ ಗಾಜಿನ ಬದಲು ನಮಗೆ ಬೇಕಾದದ್ದು ಹಂಚೋ ತಗಡೋ ಹೊದಿಸಿದ ಅಗಲವಾದ ಜಗಲಿ. ಅವಳಿ ಮನೆಯ ಮುಂಭಾಗದ ಉದ್ದಕ್ಕೂ, ಎರಡೂ ಬಾಗಿಲುಗಳಿಗೆ ಸೇರಿದಂತೆ, ನಡುವೆ ಅಡ್ಡಗೋಡೆಯಿಲ್ಲದೆ ಎಂಟಡಿ ಅಗಲದ ಒಂದೇ ಜಗಲಿಯನ್ನು ಕಟ್ಟಿದರೆ ಮುಂಗೋಡೆಯ ಬುಡಕ್ಕೆ ಮಳೆನೀರು ಸಿಡಿಯುವುದು ನಿಲ್ಲುತ್ತದೆ. ಮುರಕಲ್ಲಿನ ಗೋಡೆ ಕರಗುವುದು ಹೆಚ್ಚಾಗಿ ಬುಡದ ಎರಡು ಮೂರು ಸಾಲುಗಳಲ್ಲಿ ಎಂಬುದು ತಮಗೆ ತಿಳಿದೇ ಇದೆ. ಅದಕ್ಕಿಂತ ದೊಡ್ಡ ಲಾಭ ಬೇರೆಯದು. ಮಳೆಗಾಲದ ನಾಲ್ಕು ತಿಂಗಳು ಒಳಗೇ ಕುಳಿತಿರುವ ಹಿರಿಯರಿಗೆ ಕಾಲು ಬೀಸಿ ನಡೆಯಲು ಒಣ ಜಾಗವೂ, ಪಕ್ಕದ ಬಾಗಿಲು ತೆರೆಯಿತೇ ಎಂದು ನೋಡಲು ಒಂದು ನೆಲೆಯೂ ಸಿಗುತ್ತದೆ. ಬೀಡಿ ಕಟ್ಟುವ ಹೆಂಗಸರು ಮೊರ ಹಿಡಿದು ಅಲ್ಲೇ ಕುಳಿತರೆ ಪಕ್ಕದ ಮನೆಯ ಅಜ್ಜಿ ಬೆಳಗ್ಗೆ ಏಳಲಿಲ್ಲ ಎಂಬುದು ಹತ್ತು ಗಂಟೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ನೆರೆಕರೆ ಎಂದು ನಾವು ಕರೆಯುವುದು ಇದನ್ನೇ, ಫ್ಲ್ಯಾಟಿನ ಮುಚ್ಚಿದ ಬಾಗಿಲುಗಳ ಸಾಲಿನಲ್ಲಿ ಮೊದಲು ಕಳೆದುಹೋಗುವುದೂ ಇದೇ.

ಒಂದು ಮಾತು ಸೇರಿಸುತ್ತೇನೆ. 2024ರ ಜೂನ್‌ನಲ್ಲಿ ಕೇರಳ ಸರಕಾರವು ಪರಿಶಿಷ್ಟ ಜಾತಿ ಮತ್ತು ವರ್ಗದವರ ವಾಸಸ್ಥಳಗಳನ್ನು ‘ಕಾಲನಿ’ ಎಂದು ಕರೆಯಬಾರದು, ‘ನಗರ’, ‘ಉನ್ನತಿ’ಯಂಥ ಹೆಸರು ಬಳಸಬೇಕು ಎಂದು ಆದೇಶಿಸಿತು. ಎಲ್ಲರನ್ನೂ ಒಳಗೊಳ್ಳುವ ಕೆಲಸಕ್ಕೆ ಕೈಹಾಕುವಾಗ, ತಮ್ಮ ಲಕ್ಷಂ ವೀಡಿನ ಹೊಸ ಫಲಕದಲ್ಲಿಯೂ ಆ ಪದವನ್ನು ಬಿಟ್ಟು, ಅಲ್ಲಿಯ ಜನ ತಾವೇ ಆರಿಸಿದ ಹೆಸರನ್ನು ಬರೆಸಿದರೆ ಚೆನ್ನ.

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ, ಹುಟ್ಟಿನಿಂದ ನಡೆಯಲಾಗದು, ಗಾಲಿಕುರ್ಚಿಯಲ್ಲಿದ್ದಾನೆ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಅವನ ಹೆಸರಿದೆ. ನಮ್ಮದು ಸರಕಾರದಿಂದ ಸಿಕ್ಕಿದ ಹಳೆಯ ಮನೆ, ಮುಂದೆ ಮೂರು ಮೆಟ್ಟಿಲು. ಅಮ್ಮನಿಗೆ 71, ಅವನನ್ನು ಎತ್ತಿಕೊಂಡು ಬಚ್ಚಲಿಗೆ ಕರೆದೊಯ್ಯುವವರು ಅವರೇ. ಒಬ್ಬರು ಸಿಮೆಂಟಿನ ಇಳಿಜಾರು ಮಾಡಿಕೊಟ್ಟರು, ಆದರೆ ಅದರ ಮೇಲೆ ಕುರ್ಚಿ ಹತ್ತಿಸಲು ಇಬ್ಬರು ಗಂಡಸರು ಬೇಕು. (ಓದುಗರೊಬ್ಬರು, ಎಣ್ಮಕಜೆ)

ಉತ್ತರ: ತಮ್ಮ ಪತ್ರವನ್ನು ಎರಡು ಸಲ ಓದಿದೆ. ತಮ್ಮ ಮನೆಯಲ್ಲಿ ಇಬ್ಬರ ಅಗತ್ಯಗಳಿವೆ, ತಮ್ಮನವರದು ಒಂದು, ವಯಸ್ಸಾಗುತ್ತಿರುವ ತಾಯಿಯವರದು ಇನ್ನೊಂದು. ಎಂಡೋಸಲ್ಫಾನ್ ಸಿಂಪಡಿಸಿದ ನಮ್ಮ ಪಂಚಾಯತುಗಳಲ್ಲಿ ಆರೈಕೆ ಮಾಡುತ್ತ ಬಂದ ತಾಯಂದಿರು ಈಗ ತಾವೇ ಮುದುಕಿಯರಾಗುತ್ತಿದ್ದಾರೆ ಎಂಬ ಸಂಗತಿಯನ್ನು ಮನೆ ದುರಸ್ತಿಯ ಯಾವ ಯೋಜನೆಯೂ ಮರೆಯಬಾರದು.

ಇಳಿಜಾರಿನ ಲೆಕ್ಕ ಹೀಗಿದೆ. ದೇಶದಲ್ಲಿ ಒಪ್ಪಿಕೊಂಡಿರುವ ಮಾನದಂಡದಂತೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಮೂರು ಮೆಟ್ಟಿಲು ಎಂದರೆ ಸುಮಾರು ಒಂದೂವರೆ ಅಡಿ, ಆದ್ದರಿಂದ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು. ಮೆಟ್ಟಿಲಿನ ಮೇಲೆಯೇ ಸಿಮೆಂಟ್ ಸುರಿದು ಮಾಡಿದ್ದು ನಾಲ್ಕೈದು ಅಡಿಗೆ ಮುಗಿದಿರುತ್ತದೆ. ಅದು ಸಹಾಯವಾಗುವ ಬದಲು ಅಪಾಯವೇ ಆಗುತ್ತದೆ. ಅಂಗಳ ಚಿಕ್ಕದಾಗಿದ್ದರೆ ಇಳಿಜಾರನ್ನು ಗೋಡೆಯ ಬದಿಗೆ ತಾಗಿಸಿ ತಂದು, ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಬಿಟ್ಟು, ಹಿಂದಕ್ಕೆ ಹೊರಳಿಸಬಹುದು. ಅಂಚಿಗೆ ಎರಡು ಮೂರು ಇಂಚು ಎತ್ತರದ ದಂಡೆ, ಹಿಡಿಯಲು ಪೈಪು, ಮೇಲ್ಮೈಗೆ ಪೊರಕೆಯಿಂದ ಅಡ್ಡಗೆರೆ ಎಳೆದ ಒರಟು ಸಾರಣೆ ಇರಲಿ. ನಮ್ಮ ಮಳೆಯಲ್ಲಿ ಒಂದೇ ತಿಂಗಳಿಗೆ ಹಾವಸೆ ಕಟ್ಟುವುದರಿಂದ ಅದರ ಮೇಲೆ ಮಾಡು ಇಳಿಸದಿದ್ದರೆ ಗಟ್ಟಿಯಾಗಿ ಕಟ್ಟಿದ ಇಳಿಜಾರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪಯೋಗಕ್ಕೆ ಬಾರದು.

ಬಚ್ಚಲಿಗೆ ಹೋಗುವ ಬಾಗಿಲು ಕನಿಷ್ಠ ಮೂರಡಿ ಅಗಲ, ಹೊಸ್ತಿಲಿಲ್ಲದ್ದು, ಹೊರಕ್ಕೆ ತೆರೆಯುವಂಥದ್ದು ಆಗಿರಬೇಕು. ಒಳಗೆ ಬಿದ್ದವರ ಮೈ ಅಡ್ಡವಾಗಿ ಬಾಗಿಲು ತೆರೆಯಲಾಗದೆ, ಒಡೆದು ಒಳಹೋಗಬೇಕಾದ ಪ್ರಸಂಗಗಳು ಎಷ್ಟೋ ಇವೆ. ಕುರ್ಚಿ ತಿರುಗಲು ಐದಡಿ ವೃತ್ತ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬಚ್ಚಲನ್ನೂ ಕಕ್ಕಸನ್ನೂ ಬೇರೆ ಮಾಡುವ ನಡುವಿನ ಗೋಡೆಯನ್ನು ತೆಗೆದು ಒಂದೇ ಕೋಣೆ ಮಾಡಿ. ಹಿಡಿಗಂಬಿಯ ವಿಚಾರದಲ್ಲಿ ಒಂದು ಎಚ್ಚರಿಕೆ: ಮುರಕಲ್ಲು ಮೃದು, ತೂತುಗಳಿರುವ ಕಲ್ಲು, ಮಾಮೂಲಿ ಪ್ಲಗ್ಗು ಹೊಡೆದು ಸ್ಕ್ರೂ ತಿರುಗಿಸಿದರೆ ಮೈಭಾರ ಬಿದ್ದ ದಿನ ಕಿತ್ತುಬರುತ್ತದೆ. ಗೋಡೆಯ ಆಚೆಗೆ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟನ್ನು ತೂರಿಸಿ ಬಿಗಿಸಬೇಕು, ಅಥವಾ ಕಲ್ಲು ಕಡಿದು ಕಾಂಕ್ರೀಟು ತುಂಬಿ ಅದರಲ್ಲಿ ಕೂರಿಸಬೇಕು. ಮೇಸ್ತ್ರಿಗೆ ಇದನ್ನು ಮೊದಲೇ ಹೇಳಿಬಿಡಿ.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 37ನೆಯ ವಿಧಿಯು ಸರಕಾರಿ ವಸತಿ ಯೋಜನೆಗಳ ಹಂಚಿಕೆಯಲ್ಲಿ ನೂರಕ್ಕೆ 5ರಷ್ಟನ್ನು ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಮೀಸಲಿಡಬೇಕೆನ್ನುತ್ತದೆ. ಮನೆಯೇ ಇರುವ ತಮಗೆ ಅದಕ್ಕಿಂತಲೂ ಪಂಚಾಯತು ಅಂಗವಿಕಲರಿಗಾಗಿಯೇ ಕರೆಯುವ ಭಿನ್ನಶೇಷಿ ಗ್ರಾಮಸಭೆ ಹೆಚ್ಚು ಉಪಯುಕ್ತ. ತಮ್ಮನವರ ಅರ್ಜಿಯಲ್ಲಿ ತಾಯಿಯವರ ವಯಸ್ಸನ್ನೂ ಅವರು ಎತ್ತಬೇಕಾದ ಭಾರವನ್ನೂ ತಪ್ಪದೆ ನಮೂದಿಸಿ.

ಪ್ರಶ್ನೆ: ಅಮ್ಮ ಮಂಜೇಶ್ವರದ ಕಡೆಯ ಹಳೆಯ ಸರಕಾರಿ ಮನೆಯಲ್ಲಿ ಒಬ್ಬರೇ ಇದ್ದಾರೆ, ಬೆಂಗಳೂರಿಗೆ ಬರಲು ಒಪ್ಪುವುದಿಲ್ಲ. ಮನೆಯೊಳಗೆ ಕ್ಯಾಮೆರಾ, ಮಾತಿಗೆ ಉತ್ತರಿಸುವ ಯಂತ್ರ ಇತ್ಯಾದಿ ಹಾಕಿಸಲೇ? ಅವರಿಗೆ ತುಳು ಮತ್ತು ಕನ್ನಡ ಮಾತ್ರ ಬರುತ್ತದೆ. (ಓದುಗರೊಬ್ಬರು, ಬೆಂಗಳೂರು)

ಉತ್ತರ: ಮೊದಲು ತಾಯಿಯವರನ್ನೇ ಕೇಳಿ, ಅವರು ಬೇಡವೆಂದರೆ ಕ್ಯಾಮೆರಾ ಬೇಡ. ಮಲಗುವ ಕೋಣೆಯಲ್ಲಿ ಮಗಳ ಕಣ್ಣಾದರೂ ಸದಾ ನೋಡುತ್ತಿದ್ದರೆ ಮನೆ ತಮ್ಮದಲ್ಲವೆನಿಸುವುದು ಸಹಜ. ಅವರು ಒಪ್ಪಿದರೂ ಅದು ಹೊರಬಾಗಿಲಿನಲ್ಲಿ ಸಾಕು.

ನಾನು ಸೂಚಿಸುವುದು ಮೂರೇ ವಸ್ತುಗಳು. ಹಾಸಿಗೆಯಿಂದ ಬಚ್ಚಲಿನವರೆಗೆ, ಮನುಷ್ಯರ ಚಲನೆ ಕಂಡಾಗ ತಾನೇ ಉರಿಯುವ ಸಣ್ಣ ಎಲ್‌ಇಡಿ ದೀಪಗಳು. ಕೊರಳಿಗೆ ಕಟ್ಟಿಕೊಳ್ಳುವ ಒಂದು ಗುಂಡಿ, ಅದನ್ನು ಒತ್ತಿದರೆ ನೆರೆಮನೆಯಲ್ಲಿ ಬಾರಿಸುವ ಬ್ಯಾಟರಿಯ ಗಂಟೆ. ಮನೆಯ ವಯರಿಂಗಿಗೆ, ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಇಎಲ್‌ಸಿಬಿ ಮತ್ತು ಸರಿಯಾದ ಅರ್ಥಿಂಗ್. ಮೂರನೆಯದನ್ನು ಜನ ಸ್ಮಾರ್ಟ್ ಎಂದು ಕರೆಯುವುದಿಲ್ಲ, ಆದರೆ ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದವರನ್ನು ಶಾಕಿನಿಂದ ಕಾಯುವುದು ಅದೇ. ಬ್ಯಾಟರಿಯ ಗಂಟೆ ಎಂದದ್ದಕ್ಕೂ ಕಾರಣವಿದೆ, ಅದು ಕರೆಂಟನ್ನೋ ಇಂಟರ್‌ನೆಟ್ಟನ್ನೋ ನೆಚ್ಚಿಕೊಂಡಿರಬಾರದು: ಗಾಳಿಮಳೆಗೆ ಕಂಬ ಬಿದ್ದು ಎರಡು ದಿನ ಕರೆಂಟಿಲ್ಲದಿರುವಾಗಲೇ ಅದರ ಅಗತ್ಯ ಹೆಚ್ಚು. ಕೇರಳ ಸರಕಾರ 2023ರ ಜೂನ್‌ನಲ್ಲಿ ಉದ್ಘಾಟಿಸಿದ ಕೆ-ಫೋನ್ ಇಂಟರ್‌ನೆಟ್ ಜಾಲದಲ್ಲಿ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಅವಕಾಶವಿದೆ; ವೀಡಿಯೊ ಕರೆಗೆ, ಡಾಕ್ಟರರೊಂದಿಗೆ ಮಾತಾಡುವುದಕ್ಕೆ ಅದು ಒಳ್ಳೆಯದೇ.

ಭಾಷೆಯ ಪ್ರಶ್ನೆಯನ್ನು ತಾವು ಎತ್ತಿದ್ದು ನನಗೆ ಬಹಳ ಮುಖ್ಯವಾಗಿ ಕಂಡಿತು. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಮಾತ್ರ ಎಚ್ಚರಿಸುವ ಯಂತ್ರ ತಾಯಿಯವರ ಪಾಲಿಗೆ ಮೂಕ. ಗುಂಡಿಯ ಮೇಲೆ ಅಕ್ಷರದ ಬದಲು ಬಣ್ಣವಿರಲಿ. ಫೋನಿನ ಮುಖಪುಟದಲ್ಲಿ ತಮ್ಮ ಭಾವಚಿತ್ರ, ನೆರೆಮನೆಯವರ ಭಾವಚಿತ್ರ, ಆಶಾ ಕಾರ್ಯಕರ್ತೆಯ ಭಾವಚಿತ್ರ ಇಷ್ಟೇ ಇರಲಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ನ್ನು ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ.

ಇನ್ನೊಂದನ್ನು ಗಮನಿಸಿ. ಹರಿತ ಕರ್ಮ ಸೇನೆಯ ಹೆಂಗಸರು ಪ್ಲಾಸ್ಟಿಕ್ ತೆಗೆದುಕೊಳ್ಳಲು ತಿಂಗಳಿಗೊಮ್ಮೆ ಮನೆಮನೆಗೆ ಬಂದು ಗೋಡೆಯಲ್ಲಿರುವ ಕ್ಯೂಆರ್ ಸಂಕೇತವನ್ನು ಫೋನಿನಿಂದ ಓದಿಸಿಕೊಂಡು ಹೋಗುತ್ತಾರೆ. ಕೇರಳವು 2008ರಲ್ಲಿಯೇ ಪಾಲಿಯೇಟಿವ್ ಆರೈಕೆಗೆ (ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ನೀತಿ ರೂಪಿಸಿದ್ದರಿಂದ ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ನರ್ಸ್ ಬರುತ್ತಾರೆ. ಜಪಾನಿನ ಕಶಿವಾ ನಗರದಲ್ಲಿ 1964ರ ಸರಕಾರಿ ವಸತಿ ಸಮುಚ್ಚಯವೊಂದನ್ನು ಹೊಸದಾಗಿಸುವಾಗ ಟೋಕಿಯೋ ವಿಶ್ವವಿದ್ಯಾಲಯವೂ ನಗರಾಡಳಿತವೂ ಕೈಜೋಡಿಸಿ ಮನೆಗೇ ಬರುವ ವೈದ್ಯಸೇವೆಯನ್ನು ಅದರೊಂದಿಗೆ ಸೇರಿಸಿದವು. ನಮ್ಮಲ್ಲಿ ಬರುವ ಜನ ಈಗಾಗಲೇ ಇದ್ದಾರೆ, ಅವರ ಮಾಹಿತಿ ಒಂದೆಡೆ ಸೇರುತ್ತಿಲ್ಲ. ಹರಿತ ಕರ್ಮ ಸೇನೆಯವರು ‘ಈ ಮನೆಯಲ್ಲಿ ಒಬ್ಬರೇ ಹಿರಿಯರು, ಈ ತಿಂಗಳು ನಡೆಯಲು ಕಷ್ಟಪಡುತ್ತಿದ್ದರು’ ಎಂದು, ತಾಯಿಯವರ ಒಪ್ಪಿಗೆಯಿದ್ದರೆ, ವಾರ್ಡ್ ಸದಸ್ಯರಿಗೋ ನರ್ಸಿಗೋ ತಿಳಿಸುವ ಏರ್ಪಾಡಾದರೆ ಯಾವ ಕ್ಯಾಮೆರಾಕ್ಕಿಂತಲೂ ಹೆಚ್ಚು ನೆರವಾದೀತು. ಅವರ ದುಡಿಮೆಗೆ ಇದು ಹೊಸ ಹೊರೆ, ಆದ್ದರಿಂದ ಅದಕ್ಕೆ ಸಂಭಾವನೆ ಕೊಡಲೇಬೇಕು.

ಪ್ರಶ್ನೆ: ಇವೆಲ್ಲವನ್ನು ಕೇಳಿ ಅರ್ಜಿ ಕೊಡುವುದಾದರೆ ಕನ್ನಡದಲ್ಲಿ ಕೊಡಬಹುದೇ? (ಓದುಗರೊಬ್ಬರು, ಬದಿಯಡ್ಕ)

ಉತ್ತರ: ಖಂಡಿತ ಕೊಡಬಹುದು. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಮನವಿಯನ್ನು ದೇಶದಲ್ಲಿಯೋ ಆಯಾ ರಾಜ್ಯದಲ್ಲಿಯೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ, ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಕಲ್ಪಿಸಿದೆ. ಅರ್ಜಿಯ ಮೊದಲ ಸಾಲಿನಲ್ಲೇ ಉತ್ತರವೂ ಕನ್ನಡದಲ್ಲಿ ಬೇಕೆಂದು ಬರೆಯಿರಿ, ಸ್ವೀಕೃತಿ ರಶೀದಿ ಪಡೆಯಿರಿ. ಅರ್ಜಿಯೊಂದಿಗೆ ಒಂದು ಹಾಳೆಯಲ್ಲಿ ಮನೆಗಳ ಸಾಲನ್ನು ಬರೆದು, ಯಾವ ಮನೆಯಲ್ಲಿ 60 ದಾಟಿದವರು ಎಷ್ಟು ಜನ, ಯಾರು ನಡೆಯಲಾರರು, ಯಾರಿಗೆ ಕಣ್ಣು ಮಂಜು, ಯಾವ ಮನೆಯ ಕಕ್ಕಸು ಹೊರಗಿದೆ, ಯಾವ ಜಾಗದಲ್ಲಿ ದಾರಿ ಕೊಚ್ಚಿಹೋಗಿದೆ ಎಂಬುದನ್ನು, ಆಯಾ ಮನೆಯವರ ಒಪ್ಪಿಗೆ ಪಡೆದು, ಗುರುತು ಹಾಕಿ ಲಗತ್ತಿಸಿ. ಹಿರಿಯರಿಗಾಗಿ ವಯೋಜನ ಗ್ರಾಮಸಭೆ ಕರೆದ ದಿನ, ಬರಲಾಗದವರ ಪರವಾಗಿ ಆ ಹಾಳೆಯನ್ನು ಗಟ್ಟಿಯಾಗಿ ಓದಿಸಿ, ಅದನ್ನು ನಡಾವಳಿ ಪುಸ್ತಕದಲ್ಲಿ ಸೇರಿಸಿದ ಮೇಲೆಯೇ ಸಹಿ ಹಾಕಿ.